ಗೃಹಾಂತರ್ಗತ ಅನನುಭೂತ ನಿದ್ರಾಸ್ಪಂದನ ನಿಗಾವಣೆ: ಬೆಳ್ಳಾವಿಯ ನೆಲೆಯಲ್ಲಿ ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಅಧ್ಯಯನದ ಕ್ಷೇತ್ರವ್ಯಾಪ್ತಿ ಒಂದು ಮಂಚ. ಅಧ್ಯಯನಕ್ಕೆ ಒಳಪಟ್ಟ ಜನಸಮುದಾಯ ಇಬ್ಬರು: ನಮ್ಮಪ್ಪ, ನಮ್ಮಮ್ಮ. ಮೊದಲನೆಯವರನ್ನು ‘ಸ್ಪಂದಕ’ ಎಂದೂ ಎರಡನೆಯವರನ್ನು ‘ಅನನುಭೂತ ನಿಗಾಕರ್ತೃ’ ಎಂದೂ ಕರೆಯಲಾಗುವುದು. ಯಾಕೆ ಎಂದು ಕೇಳಬಾರದು. ವಿಚಾರ ಸಂಕಿರಣಗಳಲ್ಲಿ ಹಾಗೆ ಕೇಳುವ ಪದ್ಧತಿ ಇಲ್ಲ.

ಮೊದಲಿಗೆ ಪೂರ್ವಸೂರಿಗಳ ಅವಲೋಕನ. ತೂಕದ ಯಂತ್ರದ ಮೇಲೆ ಸುಮ್ಮನೆ ನಿಂತವನ ಎದೆ ಬಡಿದಂತೆಲ್ಲ ಮುಳ್ಳು ಅಲುಗುವುದನ್ನು 1877ರಲ್ಲಿ ಗಾರ್ಡನ್ ಎಂಬಾತ ಕಂಡ. (ಕೊಬ್ಬರಿ ತೂಗುವಾಗ ಮುಳ್ಳು ಅಲುಗಿದರೆ ನಮ್ಮೂರಲ್ಲಿ ಬೇರೆ ಕಾರಣ ಹುಡುಕುತ್ತೇವೆ, ಅದಿರಲಿ.) ಹೃದಯ ಒಂದು ಸಲ ಹಿಂಡಿದರೆ ಸುಮಾರು 70 ಮಿಲಿಲೀಟರ್ ರಕ್ತ ಚಿಮ್ಮುತ್ತದೆ, ಬಂದೂಕು ಹಾರಿಸಿದವನ ಭುಜ ಹಿಂದಕ್ಕೆ ಒದೆಸಿಕೊಂಡಂತೆ ಮೈ ಕೂದಲೆಳೆಯಷ್ಟು ಜಗ್ಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಐಸಾಕ್ ಸ್ಟಾರ್ ಇದನ್ನೇ ಅಳೆದು ಬ್ಯಾಲಿಸ್ಟೋಕಾರ್ಡಿಯೋಗ್ರಫಿ ಎಂಬ ವಿದ್ಯೆ ಬೆಳೆಸಿದ. ಈಗ ಹಾಸಿಗೆಯಡಿ ಒಂದು ತೆಳು ಹಾಳೆ ಇಟ್ಟರೆ ಸಾಕು, ಮೈಗೆ ವೈರು ಸುತ್ತದೆ ಬಡಿತವನ್ನೂ ಉಸಿರನ್ನೂ ಎಣಿಸುತ್ತದೆ. ಬೆಂಗಳೂರಲ್ಲೇ 2015ರಲ್ಲಿ ಶುರುವಾದ ಡೋಜಿ ಎಂಬ ಕಂಪನಿ ಆಸ್ಪತ್ರೆಯ ಹಾಸಿಗೆಗಳಡಿಗೂ ಇಂಥವನ್ನು ತಂದಿದೆ. ನಮ್ಮ ಮನೆಗೆ ಬಂದದ್ದು ಬೇರೆಯದು.

ನಿಗಾವಣೆ ಏಳು ವಿಧ. ಒಂದು, ಶ್ರಾವಣಿಕ: ಅಪ್ಪನ ಗೊರಕೆಗೆ ಅಮ್ಮ ಎಂದೂ ಎದ್ದವಳಲ್ಲ, ಗೊರಕೆ ನಿಂತರೆ ಏಳುತ್ತಿದ್ದಳು. ಉಸಿರು 10 ಸೆಕೆಂಡು ಕಟ್ಟಿದರೆ ವೈದ್ಯರು ಅದನ್ನು ಅಪ್ನಿಯಾ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಅಮ್ಮನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಎರಡು, ಸ್ಪಾರ್ಶಿಕ: ಬಳೆ ಸದ್ದಾಗದಂತೆ ಮೊಣಕೈ ಕಡೆಗೆ ಏರಿಸಿಕೊಂಡು, ಕತ್ತಲಲ್ಲೇ ಕೈ ಚಾಚಿ, ಬೆರಳ ಹಿಂಬದಿಯನ್ನು ಮೂಗಿನ ಕೆಳಗೆ ಹಿಡಿಯುವುದು. ಮೂರು, ವಾಚಿಕ: ‘ಏನ್ರೀ?’ ಉತ್ತರ: ‘ಹೂಂ.’ ನಾಲ್ಕನೆಯದು... ಹೋಗಲಿ ಬಿಡಿ, ಏಳು ಎಂದರೆ ಗಂಭೀರವಾಗಿ ಕೇಳುತ್ತದೆ ಅಂತ ಏಳು ಅಂದೆ.

ಅಪ್ಪ ಹೋದ ಮೇಲೆ ಹಾಳೆ ತಂದು ಅಮ್ಮನ ಹಾಸಿಗೆಯಡಿ ಇಟ್ಟೆ. ಜೊತೆಗೆ ಬಂದ ಕೈಪಿಡಿಯನ್ನು ಓದಿ ಹೇಳಿದೆ: ‘ಬಳಕೆದಾರರ ಶ್ವಾಸಾವೃತ್ತಿ ಮಿತಿಮೀರಿದಲ್ಲಿ ಸೂಕ್ತ ಆರೈಕೆದಾರರನ್ನು ಸಕ್ರಿಯಗೊಳಿಸಿ.’ ಅಮ್ಮ ಕೇಳಿದಳು, ‘ಯಾರನ್ನ ಏನ್ ಮಾಡ್ಬೇಕಂತಪ್ಪ?’

ಉಸಿರು ಜೋರಾದರೆ ಯಾರನ್ನಾದರೂ ಕರೆಯಿರಿ ಎಂದು ಬರೆಯೋದಕ್ಕೆ ಈ ಕೈಪಿಡಿಯವರಿಗೇನು ರೋಗ? ನಮ್ಮೂರು ಬೆಳ್ಳಾವಿಯ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿದವರು. ‘ವಿಜ್ಞಾನ’ ಅಂತಲೇ ಹೆಸರಿಟ್ಟು ನೂರು ವರ್ಷದ ಹಿಂದೆ ಕನ್ನಡದಲ್ಲಿ ಮಾಸಪತ್ರಿಕೆ ನಡೆಸಿದವರು. 1937ರಲ್ಲಿ ಜಮಖಂಡಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರ ಊರಿಗೇ ಈ ಕನ್ನಡ ಕಳಿಸುತ್ತೀರಲ್ಲ! ಕರೆಯೋದಾದರೂ ಯಾರನ್ನ? ಪಕ್ಕದ ಮನೆಗೂ ಬೀಗ, ನನ್ನಂತೆ ಅವರ ಮಕ್ಕಳೂ ಬೆಂಗಳೂರಲ್ಲೇ.

ರಾತ್ರಿ ಎರಡಕ್ಕೆ ನನ್ನ ಫೋನಿನಲ್ಲಿ 58, 14 ಎಂದು ಬೀಳುತ್ತದೆ. ಬಡಿತ 58, ಉಸಿರು 14. ನಿದ್ದೆಯಲ್ಲಿ ಎರಡೂ ಸರಿಯಾದ ಅಂಕಿ. ಯಂತ್ರವನ್ನು ಬೈಯಲಾರೆ, ಅದು ತೂಕಡಿಸುವುದಿಲ್ಲ. ಆದರೆ ‘ಏನಮ್ಮಾ’ ಎನ್ನಲು ಆ ಮನೆಯಲ್ಲಿ ಯಾರೂ ಇಲ್ಲ. ನಲವತ್ತು ವರ್ಷ ಅವಳು ಕೈ ಚಾಚಿದ್ದು ಅಪ್ಪನಿಗೇ ಗೊತ್ತಿರಲಿಲ್ಲ. ಅನನುಭೂತ ಅಂದರೆ ಇದೇ ಇರಬೇಕು.

ಮೊನ್ನೆ ನಡುರಾತ್ರಿ ‘ಬಳಕೆದಾರರು ಲಭ್ಯವಿಲ್ಲ’ ಎಂದು ಬಂತು. ಕೈ ನಡುಗಿ ಎರಡು ಸಲ ತಪ್ಪು ನಂಬರ್ ಒತ್ತಿದೆ. ಅಮ್ಮ ಎತ್ತಿದ್ದು ನಾಲ್ಕನೇ ಸಲಕ್ಕೆ. ‘ಸೆಕೆ ಕಣೋ, ಜಗಲೀಲಿ ಚಾಪೆ ಹಾಕ್ಕೊಂಡಿದೀನಿ.’

ಕೈಪಿಡಿ ಬರೆಯುವ ಮಹನೀಯರೇ, ‘ಹಾಸಿಗೆ ಮೇಲೆ ಯಾರೂ ಇಲ್ಲ’ ಎಂದು ಬರೆಯಿರಿ. ಕೈ ಮುಗಿಯುತ್ತೇನೆ.