ಪತ್ರಿಕೆ ಬಾರದ ದಿನಕ್ಕೊಂದು ಕೈಪಿಡಿ

ಈ ಕೈಪಿಡಿ ರಾಯಚೂರು ನಗರ, ಮಾನ್ವಿ ಮತ್ತು ದೇವದುರ್ಗದ ಗ್ರಾಹಕರಿಗೆ ಮಾತ್ರ. ಬೆಂಗಳೂರಿನವರು ಬಳಸಿ ಕೆಟ್ಟರೆ ತಯಾರಕರು ಹೊಣೆಯಲ್ಲ. ಅವರ ಫೋನು ಕೇಳದಿದ್ದರೂ ಅವರ ಊರಿನ ಸುದ್ದಿ ಹೇಳುತ್ತದೆ. ಅವರಿಗೆ ಇದರ ಗರಜೂ ಇಲ್ಲ.

ಯಾವಾಗ ಬಳಸಬೇಕು

ಯುಗಾದಿ, ಆಯುಧಪೂಜೆ, ದೀಪಾವಳಿ, ಆಗಸ್ಟ್ 15. ಅವತ್ತು ಪತ್ರಿಕಾ ಕಚೇರಿಗೆ ಸೂಟಿ, ಮರುದಿನ ಸಂಚಿಕೆ ಇಲ್ಲ. ಇದನ್ನು ಮೊದಲ ಪುಟದ ಮೂಲೆಯಲ್ಲಿ ಸಣ್ಣ ಚೌಕ ಕಟ್ಟಿ ತಿಳಿಸಿರುತ್ತಾರೆ. ಆ ಚೌಕವನ್ನು ಓದಿದವರನ್ನು ನಾನಂತೂ ಕಂಡಿಲ್ಲ. ಹಾಗಾಗಿ ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಈ ಮಾತುಕತೆ ಕಡ್ಡಾಯ:

“ಪೇಪರ್ ಎಲ್ಲೈತೋ ತಮ್ಮಾ?”

“ಇವತ್ತು ಬಂದಿಲ್ರಿ ಕಾಕಾ. ನಿನ್ನಿ ಹಬ್ಬ ಇತ್ತಲ್ರಿ.”

“ಹಬ್ಬ ನಿನ್ನಿ ಇತ್ತು. ನಾ ಕೇಳಿದ್ದು ಇವತ್ತಿನ ಪೇಪರ್.”

ಈ ತರ್ಕಕ್ಕೆ ಯಾರ ಬಳಿಯೂ ಉತ್ತರವಿಲ್ಲ. ಮಂಡಾಳ ಒಗ್ಗರಣಿ, ಎರಡು ಮಿರ್ಚಿ ಹೇಳಿ ಫೋನ್ ಹೊರತೆಗೆಯಿರಿ. ಮಿರ್ಚಿ ಕಟ್ಟಿಸಿಕೊಂಡು ಹೋಗುವವರು ಅದಕ್ಕೆ ಸುತ್ತಿದ ಹಳೆಯ ಹಾಳೆಯನ್ನೂ ಓದಬಹುದು. ಎಣ್ಣೆ ಹೀರಿದ ಜಾಗದಲ್ಲಿ ಹಿಂಬದಿಯ ಅಕ್ಷರಗಳು ಬೆನ್ನು ತಿರುಗಿಸಿ ಮೇಲೆದ್ದು ಬರುತ್ತವೆ. ಟೆಂಡರ್ ಪ್ರಕಟಣೆಯ ನಡುವೆ ಶ್ರದ್ಧಾಂಜಲಿಯ ಫೋಟೊ ಕಂಡರೆ ಗಾಬರಿ ಬೇಡ.

ಸೂಚನೆ: ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ಕ್ಕೆ. ನಿಜಾಮರ ಕೈಯಲ್ಲಿದ್ದ ನಮ್ಮ ಸೀಮೆಗೆ ಅದು ತಲುಪಿದ್ದು 1948ರ ಸೆಪ್ಟೆಂಬರ್ 17ಕ್ಕೆ. ನಾವು ಎರಡೂ ದಿನ ಧ್ವಜ ಹಾರಿಸುತ್ತೇವೆ. ಆದರೆ ಸೆಪ್ಟೆಂಬರ್ 18ಕ್ಕೆ ಈ ಕೈಪಿಡಿ ತೆರೆಯಬೇಕಾಗಿಲ್ಲ. ರಾಜಧಾನಿಗೆ ಅದು ಹಬ್ಬವಲ್ಲವಾದ್ದರಿಂದ ರಾಜ್ಯಮಟ್ಟದ ಪತ್ರಿಕೆ ತಪ್ಪದೆ ಬರುತ್ತದೆ.

ಚಾಲೂ ಮಾಡುವ ವಿಧಾನ

ಸುದ್ದಿಯ ಆ್ಯಪ್ ಭಾಷೆ ಕೇಳುತ್ತದೆ: ಕನ್ನಡ ಒತ್ತಿ. ಜಿಲ್ಲೆ ಕೇಳುತ್ತದೆ: ರಾಯಚೂರು ಒತ್ತಿ. ಈಗ ತೆರೆಯ ಮೇಲೆ ಕ್ರಮವಾಗಿ ಬೆಂಗಳೂರಿನ ಟ್ರಾಫಿಕ್, ನಟಿಯೊಬ್ಬರ ಗೃಹಪ್ರವೇಶ, ಈ ವಾರ ದುಡ್ಡು ಸುರಿಯಲಿರುವ ರಾಶಿಗಳು ಮೂಡಿದರೆ ಉಪಕರಣ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದರ್ಥ. ತಾಲ್ಲೂಕು ಕೇಳುವುದಿಲ್ಲ. ನೀವೇ ಹುಡುಕುವುದಾದರೆ ‘ಮಾನ್ವಿ’ ಮತ್ತು ‘ಮಾನವಿ’ ಎರಡನ್ನೂ ಟೈಪ್ ಮಾಡಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ಮಾನ್ವಿಯಿಂದ ಸಿರವಾರ ಬೇರೆ ತಾಲ್ಲೂಕಾದದ್ದು ಎಷ್ಟೋ ಕಡೆ ಇನ್ನೂ ದಾಖಲಾಗಿಲ್ಲ. ಅದನ್ನು ಸರಿಪಡಿಸಲು ಹೋದರೆ ನಿಮ್ಮ ಸೂಟಿ ಮುಗಿಯುತ್ತದೆ.

ಬೆರಳು ಸೋತರೆ ಮೈಕ್ ಗುರುತು ಒತ್ತಿ ಮಾತಾಡಬಹುದು. “ಕಾಲುವ್ಯಾಗ ನೀರು ಬರಾಕತ್ತೈತೇನು” ಎಂದು ಮಾತ್ರ ಕೇಳಬೇಡಿ, ಅದು ಬೇರೇನೋ ಬರೆದುಕೊಳ್ಳುತ್ತದೆ. ಬೆನ್ನು ನೆಟ್ಟಗೆ ಮಾಡಿ, ಪ್ರದೇಶ ಸಮಾಚಾರ ಓದುವವರ ಧಾಟಿಯಲ್ಲಿ “ಕಾಲುವೆಯಲ್ಲಿ ನೀರು ಬರುತ್ತಿದೆಯೇ” ಎನ್ನಿ. ಮನೆಯವರು ನಕ್ಕರೆ ನಗಲಿ.

ಪರೀಕ್ಷೆ

ಈಗ ಉಪಕರಣಕ್ಕೆ ಒಂದೇ ಪ್ರಶ್ನೆ ಹಾಕಿ: ಮೈಲ್ 104ರಲ್ಲಿ ಇವತ್ತು ಗೇಜ್ ಎಷ್ಟು?

ಹೊರಗಿನವರಿಗೆ ಇದು ಒಗಟು. ತುಂಗಭದ್ರಾ ಎಡದಂಡೆ ಕಾಲುವೆ ಅಣೆಕಟ್ಟೆಯಿಂದ ಹೊರಟು ಗಂಗಾವತಿ, ಸಿಂಧನೂರು ದಾಟಿ ನಮ್ಮ ಕಡೆ ಬರುತ್ತದೆ. ಮಾನ್ವಿ, ರಾಯಚೂರು ತಾಲ್ಲೂಕಿನವರು ‘ಕೊನೆಭಾಗದ ರೈತರು’. ಮೇಲಿನವರು ಪಂಪ್‌ಸೆಟ್ ಇಳಿಸಿ ಎತ್ತಿಕೊಂಡು ಉಳಿದದ್ದು ಇವರ ಗದ್ದೆಗೆ. ಕಾಲುವೆಯ ಆ ಮೈಲುಗಲ್ಲಿನಲ್ಲಿ ನೀರು ಎಷ್ಟು ಅಡಿ ನಿಂತಿದೆ ಎಂಬುದರ ಮೇಲೆ ಇಲ್ಲಿಯ ಭತ್ತದ ಹಣೆಬರಹ. ದೇವದುರ್ಗದ್ದು ನಾರಾಯಣಪುರ ಬಲದಂಡೆ ಕಾಲುವೆ. ಅಲ್ಲಿ ಸರದಿಯ ಮೇಲೆ ನೀರು ಬಿಡುವ ವಾರಬಂದಿ ಯಾವಾಗ, ನೀರು ಎಂದು ಬಂದ್ ಎಂಬುದೇ ದೊಡ್ಡ ಸುದ್ದಿ.

ಫೋನು ಅಮೆರಿಕದ ಅಧ್ಯಕ್ಷರು ಬೆಳಿಗ್ಗೆ ಏನಂದರೆಂದು ಹೇಳುತ್ತದೆ. ಮುಂಬೈ ಬಂಗಾರದ ದರ ಹೇಳುತ್ತದೆ. ಗೇಜ್ ಕೇಳಿದರೆ ಗ್ಯಾಸ್ ಸ್ಟವ್ ದುರಸ್ತಿಯ ವಿಡಿಯೊ ತೋರಿಸಿದರೂ ಆಶ್ಚರ್ಯಪಡಬೇಡಿ. ಜಿಲ್ಲಾ ಪುಟದ ಕೆಳಗಡೆ ನಾಲ್ಕೇ ಸಾಲಿನಲ್ಲಿ ಬರುವ ಸುದ್ದಿ ಅದು. ಆ ಪುಟ ಇವತ್ತು ಇಲ್ಲ.

ಎಚ್ಚರಿಕೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿತ್ತು. ನೀರು ಉಳಿಯುತ್ತದೋ ಇಲ್ಲವೋ, ನಾಟಿ ಮಾಡಬೇಕೋ ಬಿಡಬೇಕೋ ಎಂದು ಕೊನೆಭಾಗದವರು ತಳಮಳಿಸಿದ ವಾರ ಅದು. ಸ್ಟಾಪ್‌ಲಾಗ್ ಇಳಿಸಿ ನೀರು ತಡೆಯುವ ಕೆಲಸ ನಡೆದ ದಿನಗಳಲ್ಲೇ ಆಗಸ್ಟ್ 15ರ ಸೂಟಿಯೂ ಬಂತು. ಜನಕ್ಕೆ ಪತ್ರಿಕೆ ಅತ್ಯಂತ ಬೇಕಾದ ಬೆಳಿಗ್ಗೆಯೇ ಅದು ಬರಲಿಲ್ಲ.

ಇಂಥ ಹೊತ್ತಿನಲ್ಲಿ ವಾಟ್ಸ್‌ಆ್ಯಪ್ ತೆರೆಯುವಾಗ ಒಂದು ಕ್ರಮವಿರಲಿ. ವಿಡಿಯೊದಲ್ಲಿ ಅಣೆಕಟ್ಟೆ ಒಡೆಯುತ್ತಿದ್ದರೆ ಮೊದಲು ಗೇಟು ಎಣಿಸಿ. ಹಿನ್ನೆಲೆಯಲ್ಲಿ ಕೂಗುವವರ ಭಾಷೆ ಯಾವುದೆಂದು ಕಿವಿಗೊಡಿ. ಲಾರಿಯ ನಂಬರ್ ಪ್ಲೇಟ್ ನೋಡಿ. ಇಷ್ಟಾದ ಮೇಲೂ ಕಳಿಸಲೇಬೇಕೆಂದು ಬೆರಳು ತುರಿಸಿದರೆ, ನದಿದಂಡೆಯ ಊರಿನಲ್ಲಿರುವ ಬೀಗರಿಗೆ ಕಳಿಸಬೇಡಿ. ಅವರು ರಾತ್ರೋರಾತ್ರಿ ಗಂಟುಮೂಟೆ ಸಮೇತ ನಿಮ್ಮ ಮನೆಗೇ ಬರುತ್ತಾರೆ.

ಸಣ್ಣಪುಟ್ಟ ದೋಷ

ಯುಗಾದಿಯ ಹೊತ್ತಿಗೆ ಮಾಳಿಗೆಯ ಮೇಲೆ ಓದಬೇಡಿ. ರಾಯಚೂರಿನ ಬಿಸಿಲಿಗೆ ಫೋನು “ತಣ್ಣಗಾಗಲು ಬಿಡಿ” ಎಂದು ಬೇಡಿಕೊಂಡು ಬಂದ್ ಆಗುತ್ತದೆ. ಹಿರಿಯರೊಬ್ಬರು ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರ ಕಳಿಸಿದ್ದು ತೆರೆದಾಗ ಬರೀ ಚಿತ್ರವಿಚಿತ್ರ ಗುರುತು, ಚುಕ್ಕಿ, ಇಂಗ್ಲಿಷ್ ಅಕ್ಷರ ಬಂದರೆ ಅದು ಹಳೆಯ ಫಾಂಟಿನಲ್ಲಿ ಟೈಪಾಗಿದೆ. ಯುನಿಕೋಡಿಗೆ ಪರಿವರ್ತಿಸಿ, ಇಲ್ಲವೇ ಅವರ ಮನೆಗೇ ಹೋಗಿ. 32 ಸಂಧಿಯೂ ಬಾಯಲ್ಲಿ ಇದ್ದಾವು.

ಬಿಡಿಭಾಗ ಮತ್ತು ದುರಸ್ತಿ

ಗೇಜ್ ಓದುವ ಬಿಡಿಭಾಗ ಫೋನಿನ ಜೊತೆ ಬರುವುದಿಲ್ಲ. ಅದು ತಾಲ್ಲೂಕು ವರದಿಗಾರ. ಬೈಕಿನ ಮೇಲೆ ಕಾಲುವೆಗೆ, ತಹಸೀಲ್ ಕಚೇರಿಗೆ, ಆಸ್ಪತ್ರೆಗೆ, ಸಂಜೆ ಯಾವುದೋ ಸಂಘದ ಸನ್ಮಾನಕ್ಕೆ ಓಡುವವನು. ಎಷ್ಟೋ ವರದಿಗಾರರಿಗೆ ಕೈಗೆ ಬರುವ ಗೌರವಧನಕ್ಕಿಂತ ಜಾಹೀರಾತಿನ ಟಾರ್ಗೆಟ್ ದೊಡ್ಡದು. ಅವನು ಬರೆದ ಸುದ್ದಿಯ ಪಿಡಿಎಫ್ ನಮ್ಮ ಗ್ರೂಪಿಗೆ ಪುಕ್ಕಟೆ ಬಂದು ಬೀಳುತ್ತದೆ, ನಾವು ಹೆಬ್ಬೆರಳು ಒತ್ತಿ ಮುಂದಕ್ಕೆ ಹೋಗುತ್ತೇವೆ. ಇದು ಹೀಗೆಯೇ ನಡೆದರೆ ವರ್ಷಪೂರ್ತಿ ಹಬ್ಬದ ಮರುದಿನವೇ.

ಆದ್ದರಿಂದ ಗ್ರಾಹಕರಲ್ಲಿ ವಿನಂತಿ: ಸುದ್ದಿಮೂಲವೋ, ರಾಯಚೂರುವಾಣಿಯೋ, ರಾಜ್ಯಮಟ್ಟದ್ದೋ, ಒಂದು ಪತ್ರಿಕೆಯನ್ನು ದುಡ್ಡು ಕೊಟ್ಟು ಮನೆಗೆ ಹಾಕಿಸಿಕೊಳ್ಳಿ. ತಿಂಗಳ ಕೊನೆಗೆ ಪೇಪರ್ ಹಾಕುವ ಹುಡುಗ ಬಿಲ್ ತಂದಾಗ, ಸಂಚಿಕೆ ಬಾರದ ದಿನದ ದುಡ್ಡು ಹಿಡಿಯಬೇಡಿ.