ಕೈಮೀಮಾಂಸೆ

ಇನ್ನು ಕೈಯ ಜಿಜ್ಞಾಸೆ. ತಮಿಳು, ಮಲಯಾಳ, ತುಳುಗಳಲ್ಲೂ ಇದು ಕೈಯೇ. ತೆಲುಗಿನಲ್ಲಿ ಮಾತ್ರ ಚೇಯಿ. ನಮ್ಮ ಕಿವಿ ಅಲ್ಲಿ ಚೆವಿಯಾದಂತೆ ಇಲ್ಲೂ ಕಕಾರ ಚಕಾರವಾಗಿದೆ ಎಂದು ಹೇಳಿ ಪಂಡಿತರು ಕೈತೊಳೆದುಕೊಂಡರು. ಈ ಶಬ್ದದ ಮೂಲಸ್ಥಾನ ರಾಮನಗರ ಸೀಮೆ ಎಂಬ ಸತ್ಯ ಅವರಿಗೆ ಹೊಳೆಯಲೇ ಇಲ್ಲ. ಆ ಕೊರತೆಯನ್ನು ಈ ಪ್ರಬಂಧ ನೀಗುತ್ತದೆ.

ಪ್ರಮಾಣ ಒಂದು: ಸ್ಥಳನಾಮ. ರಾಮನಗರ ತಾಲ್ಲೂಕಿನಲ್ಲಿ ಕೈಲಾಂಚ ಎಂಬ ಹೋಬಳಿಯಿದೆ. ಬಿಡಿಸಿದರೆ ಕೈ + ಲಂಚ. ಲಕಾರಕ್ಕೆ ದೀರ್ಘ ಎಲ್ಲಿಂದ ಬಂತೆಂದರೆ, ಕಾಲಕ್ರಮೇಣ ಮೊತ್ತ ಬೆಳೆದದ್ದರಿಂದ. ಹೋಬಳಿಯ ಸಜ್ಜನರು ಇದನ್ನು ಒಪ್ಪಲಾರರು. ಸಂಶೋಧನೆಗೆ ಊರಿನವರ ಒಪ್ಪಿಗೆ ಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

ಪ್ರಮಾಣ ಎರಡು: ಸಿನಿಮಾ. 1975ರಲ್ಲಿ ತೆರೆಕಂಡ ‘ಶೋಲೆ’ಯ ಗಬ್ಬರ್ ಸಿಂಗ್ ಠಾಕೂರನ ಕೈಗಳನ್ನು ಕೇಳಿದ್ದು ಇಲ್ಲಿಯ ಬಂಡೆಗಳ ನಡುವೆಯೇ. ಕೇಳಿದ್ದು ಹಿಂದಿಯಲ್ಲಿ, ಆದ್ದರಿಂದ ಕೈ ಹೋದವು. ಕನ್ನಡದಲ್ಲಿ ‘ಕೈಕೊಡು’ ಎಂದಿದ್ದರೆ ಠಾಕೂರ ಅಪ್ಪಣೆ ಪಾಲಿಸಿ ಪರಾರಿಯಾಗುತ್ತಿದ್ದ.

ಪ್ರಮಾಣ ಮೂರು: ಗೊಂಬೆ. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತುತ್ತಾರೆ. ಇಷ್ಟು ಕೈಕೆಲಸ ಮಾಡಿಸಿಕೊಂಡ ಗುಂಡುಗೊಂಬೆಗೆ ಎಷ್ಟೋ ಸಲ ಕೈಯೇ ಇರುವುದಿಲ್ಲ. ಹಾಗಾಗಿ ಅದು ಯಾರಿಗೂ ಕೈಕೊಟ್ಟ ದಾಖಲೆಯೂ ಇಲ್ಲ.

ಪ್ರಮಾಣ ನಾಲ್ಕು: ಚುನಾವಣೆ. ಪತ್ರಿಕೆಗಳ ಕನ್ನಡದಲ್ಲಿ ಕೈ ಎಂದರೆ ಕಾಂಗ್ರೆಸ್. 2023ರಲ್ಲಿ ರಾಮನಗರ, ಕನಕಪುರ, ಮಾಗಡಿ ಕೈವಶವಾದವು, ಚನ್ನಪಟ್ಟಣ ತೆನೆ ಹೊತ್ತ ಮಹಿಳೆಯ ಪಾಲಾಯಿತು. 2024ರ ಉಪಚುನಾವಣೆಯಲ್ಲಿ ಅದೂ ಕೈಸೇರಿತು. ಗೆದ್ದವರು ಮತದಾನಕ್ಕೆ ಕೆಲವೇ ವಾರ ಮುಂಚೆ ಕಮಲ ಬಿಟ್ಟು ಬಂದಿದ್ದರು. ಇದಕ್ಕೆ ‘ಕೈಹಿಡಿದರು’ ಎಂದರೂ ಸರಿ, ‘ಕೈಕೊಟ್ಟರು’ ಎಂದರೂ ಸರಿ. ಕ್ರಿಯೆ ಒಂದೇ, ಕ್ರಿಯಾಪದ ಯಾವುದೆಂಬುದು ನೀವು ನಿಂತ ಪಾಳಯವನ್ನು ಅವಲಂಬಿಸಿದೆ. ಕೇಶಿರಾಜನಿಗೆ ಈ ಸೂತ್ರ ಸಿಕ್ಕಿರಲಿಲ್ಲ.

ಸಿದ್ಧಾಂತ. ನಾಲ್ಕು ತಾಲ್ಲೂಕುಗಳ ಈ ಜಿಲ್ಲೆಯಲ್ಲಿ ಕನಕಪುರದಿಂದ ಹಾರೋಹಳ್ಳಿ ಬೇರೆಯಾಗಿ ಬೆರಳು ಐದಾದವು. ಐದೂ ಸಮವಾಗಿಲ್ಲ ಎಂಬ ಆಕ್ಷೇಪಕ್ಕೆ ಗಾದೆಯೇ ಉತ್ತರ ಕೊಟ್ಟಿದೆ. 2025ರಲ್ಲಿ ಸರ್ಕಾರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟಿತು. ಸಂಸ್ಕೃತದಲ್ಲಿ ದಕ್ಷಿಣವೆಂದರೆ ಬಲಗಡೆಯೂ ಹೌದು. ಅಲ್ಲಿಗೆ ಈ ಜಿಲ್ಲೆ ರಾಜಧಾನಿಯ ಬಲಗೈ ಎಂಬುದು ಸಿದ್ಧವಾಯಿತು. ಈ ಕೈಗೆ ರಾಜಧಾನಿ ದಕ್ಷಿಣೆ ಹಾಕುವುದೋ, ಕೈಕೊಡುವುದೋ ಎಂಬ ಪ್ರಶ್ನೆ ಮಾತ್ರ ಭಾಷಾಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.