ಕೈ ಮೇಲೆ ಕೂತ ಮೇಸ್ತ್ರಿ

ನಮ್ಮ ಗ್ಯಾರೇಜಿನ ಮೇಸ್ತ್ರಿ ಹುಡುಗರಿಗೆ ಕೆಲಸ ಕಲಿಸುವಾಗ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂರುತ್ತಾರೆ. ಚಳಿಗಲ್ಲ. ಹೊರಗೆ ಬಿಟ್ಟರೆ ಆ ಕೈಗಳು ತಾವಾಗಿಯೇ ಹೋಗಿ ಹುಡುಗನ ಸ್ಪ್ಯಾನರ್ ಕಿತ್ತುಕೊಳ್ಳುತ್ತವಂತೆ.

ಮೈಸೂರಿನ ಯಾದವಗಿರಿಯ ಬೈಕ್ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಯೆಜ್ಡಿಯೊಂದು ಮಾತ್ರ ಇನ್ನೂ ಈ ಗ್ಯಾರೇಜಿನ ಮೂಲೆಯಲ್ಲಿ ಡ್ಯೂಟಿ ಮೇಲಿದೆ. ಹೊಸ ಹುಡುಗ ಬಂದ ದಿನ ಅದೇ ಪ್ರವೇಶ ಪರೀಕ್ಷೆ. ‘ಸ್ಟಾರ್ಟ್ ಮಾಡ್ಲಾ’ ಎಂದಷ್ಟೇ ಹೇಳಿ ಮೇಸ್ತ್ರಿ ಕೂತುಬಿಡುತ್ತಾರೆ. ಹುಡುಗ ಬಲಗಡೆ ನೋಡುತ್ತಾನೆ, ಬಗ್ಗಿ ನೋಡುತ್ತಾನೆ, ಗುಡಿ ಸುತ್ತಿದಂತೆ ಮೂರು ಸುತ್ತು ಬರುತ್ತಾನೆ. ಕಿಕ್ಕರೇ ಇಲ್ಲ! ಎಡಗಡೆಯ ಗೇರ್ ಲಿವರ್ ಅನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಮೇಸ್ತ್ರಿ ಹೇಳುವುದಿಲ್ಲ, ಎರಡು ಟೀ ಕುಡಿಯುತ್ತಾರೆ. ಹೋದ ವರ್ಷ ಬಂದ ಹುಡುಗ ಮುಕ್ಕಾಲು ಗಂಟೆ ಹುಡುಕಿ, ‘ಅಣ್ಣಾ, ಯಾರೋ ಕಿಕ್ಕರ್ ಬಿಚ್ಕೊಂಡು ಹೋಗವ್ರೆ’ ಎಂದು ವರದಿ ಒಪ್ಪಿಸಿದ.

‘ಸಂಜೆಗಂಟ ಟೈಮ್ ಐತೆ, ಹುಡುಕು ಮಗಾ’ ಎಂದರು ಮೇಸ್ತ್ರಿ.

ಹಾಗಂತ ಸಾಧು ಮನುಷ್ಯ ಅಂದುಕೊಳ್ಳಬೇಡಿ. 10-11 ಸ್ಪ್ಯಾನರ್ ಇಡುವ ಮೊಳೆಗೆ 12-13 ನೇತುಹಾಕಿ ನೋಡಿ. ಎದುರಿನ ಬೇಕರಿಯವನು ಹೊರಗೆ ಬಂದು ನಿಲ್ಲುವಂತೆ ಬೈಗುಳ ಶುರುವಾಗುತ್ತದೆ. ಸೋಮಾರಿತನಕ್ಕೆ ಬಾಯಿ, ತಪ್ಪಿಗೆ ಮೌನ. ಇದು ಅವರ ಕಾನೂನು.

ಈ ತಾಳ್ಮೆಯ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಪೊಲೀಸರ ಗಾಡಿಯನ್ನು ಹೊಸ ಹುಡುಗ ಮುಟ್ಟುವಂತಿಲ್ಲ. ಬೆಳಗಿನ ಜಾವ ಹೊರಡಬೇಕಾದ ಹಾಲಿನವರ ಗಾಡಿಯನ್ನೂ ಮುಟ್ಟುವಂತಿಲ್ಲ. ಉಳಿದದ್ದು ಮೇಷ್ಟರ ಗಾಡಿ, ಅಂದರೆ ನನ್ನ ಸ್ಪ್ಲೆಂಡರ್.

ಪ್ಲಗ್ ಬದಲಿಸುವ ಸಣ್ಣ ಕೆಲಸ. ಪ್ಲಗ್ ಉಕ್ಕಿನದು, ಹೆಡ್ ಅಲ್ಯೂಮಿನಿಯಂನದು. ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಬೇಕು, ಸ್ಪ್ಯಾನರ್ ಏನಿದ್ದರೂ ಕೊನೆಗೆ. ನಮ್ಮ ಹುಡುಗ ಸೊಟ್ಟಗಿಟ್ಟು ಸ್ಪ್ಯಾನರನ್ನೇ ಹಾಕಿ ಜಗ್ಗಿದ. ಕಿರ್ ಎಂದಿತು. ಮೇಸ್ತ್ರಿಯ ತೊಡೆ ಅದುರಿತು, ಕೈ ಮಾತ್ರ ಈಚೆ ಬರಲಿಲ್ಲ.

‘ನೋಡ್ತಾ ಕೂತಿದ್ದೀರಲ್ಲ ಮೇಸ್ತ್ರಿ!’

‘ಸುಮ್ಕಿರಿ ಮೇಷ್ಟ್ರೆ. ಈಗ ನಾನು ಹೇಳುದ್ರೆ ಕಿವೀಲೇ ಉಳೀತದೆ. ಕೈಗೆ ಇಳೀಬೇಕು.’

‘ಇಳೀಲಿ. ಆದ್ರೆ ಹೆಡ್ ನಂದು!’

‘ನಿಮ್ದು ಅಂತಲೇ ಧೈರ್ಯ.’

ತ್ರೆಡ್ ಹೋಗಿತ್ತು. ಹೆಡ್ ಬಿಚ್ಚಿ, ಲೇತ್‌ನಲ್ಲಿ ಬುಶ್ ಹಾಕಿಸಿ ತರಲು ಎರಡು ದಿನ ಹಿಡಿಯಿತು. ಆ ದುಡ್ಡು ಮೇಸ್ತ್ರಿಯದು. ಸಿಟಿ ಬಸ್ಸಿನಲ್ಲಿ ನೇತಾಡಿದ್ದು ನಾನು. ಹೆಡ್ ಹೊತ್ತುಕೊಂಡು ಲೇತ್‌ಗೆ ಹೋದವನು ಅದೇ ಹುಡುಗ, ಕೆಲಸ ಮುಗಿಯುವವರೆಗೂ ಪಕ್ಕದಲ್ಲೇ ನಿಂತು ನೋಡಬೇಕೆಂದು ಕಟ್ಟಪ್ಪಣೆ. ವಾಪಸ್ ಬಂದವನು ಹೊಸ ಪ್ಲಗ್ಗನ್ನು ಎರಡೇ ಬೆರಳಲ್ಲಿ, ಕೂಸಿನ ಕಿವಿಗೆ ಎಣ್ಣೆ ಬಿಡುವವನ ಹಾಗೆ, ಉಸಿರು ಬಿಗಿಹಿಡಿದು ತಿರುಗಿಸಿದ.

ಅವತ್ತು ಟೀ ಕುಡಿಯುವಾಗ ಮೇಸ್ತ್ರಿ ಹಣೆಯ ಮೇಲಿನ ಹಳೇ ಗಾಯ ತೋರಿಸಿದರು. ಅವರ ಗುರುಗಳು ತಪ್ಪು ಮಾಡಿದವನತ್ತ ಕೈಯಲ್ಲಿದ್ದ ಸ್ಪ್ಯಾನರನ್ನೇ ಎಸೆಯುತ್ತಿದ್ದರಂತೆ. ‘ಮೊದಲೆರಡು ವರ್ಷ ನಾನು ಬಗ್ಗೋದು ಕಲ್ತೆ ಮೇಷ್ಟ್ರೆ. ಗಾಡಿ ಕಲ್ತಿದ್ದು ಆಮ್ಯಾಕೆ.’

ಮೊನ್ನೆ ಆಯಿಲ್ ಬದಲಿಸಲು ಹೋದಾಗ ಯೆಜ್ಡಿಯ ಸುತ್ತ ಇನ್ನೊಬ್ಬ ಪುಟ್ಟ ಹುಡುಗ ಪ್ರದಕ್ಷಿಣೆ ಹಾಕುತ್ತಿದ್ದ. ನಮ್ಮ ಹಳೇ ಹುಡುಗ ನನ್ನನ್ನು ಕಂಡಿದ್ದೇ ಒಳಗೆ ಕೂಗಿ ಹೇಳಿದ: ‘ಅಣ್ಣಾ, ಹೊಸಬನ್ಗೆ ಮೇಷ್ಟ್ರ ಗಾಡಿನೇ ಕೊಡೋಣ. ಅದಕ್ಕೆ ಅಭ್ಯಾಸ ಐತೆ.’